ನಮ್ಮನಿ ಎಂಬ ಊರು ಎಲ್ಲಿಯೂ ಇಲ್ಲ

ಫೆಬ್ರುವರಿ ೩೦, ೨೨೮೪
ಮುಚ್ಚಳದೊಳಗಿನಿಂದ

ಕಲ್ಲವ್ವ ಆಯಿಗೆ, ನಿನ್ನ ಎಂಟನೇ ತಲೆಮಾರಿನ ನೀಲಗಂಗಾ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನಾನು ತಪ್ಪು ಬರೆದೆನೆಂದು ತಿಳಿಯಬೇಡ. ಸೂರ್ಯನೇ ಕಾಣದ ಜಾಗದಲ್ಲಿ ಯಾವ ತಿಂಗಳಿಗೆ ಎಷ್ಟು ದಿನವಾದರೇನು ಎಂದು ಹಿರಿಯರು ಎಲ್ಲ ತಿಂಗಳಿಗೂ ಮೂವತ್ತು ದಿನ ಮಾಡಿಬಿಟ್ಟರು. ನನ್ನ ಕೆಲವು ಮಾತುಗಳೂ ನಿನಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸು. ನಿಮ್ಮ ಕಾಲದವರು ಪತ್ರ ಬರೆಯುವಾಗ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಶುರು ಮಾಡುತ್ತಿದ್ದರಂತೆ. ಆ ಸುಳ್ಳು ಬರೆಯಲು ನನಗೆ ಕೈ ಬರಲಿಲ್ಲ.

ಮುಚ್ಚಳ ಎಂದರೆ, ನೀನು ಹಡಗಿನಿಂದ ಇಳಿದ ಈ ಪರದೇಶದ ಬಂದರಿನ ಮೇಲೆ, ಗಾಳಿ ಕೆಟ್ಟ ನಂತರ ಕಟ್ಟಿದ ಚಾವಣಿ. ಅದರಡಿ ನಲವತ್ತು ಸಾವಿರ ಜನ ಗೂಡುಗಳಲ್ಲಿ ಬದುಕುತ್ತೇವೆ. ಗೂಡೆಂದರೆ ಎರಡು ಮಲಗುವ ಹಲಗೆ, ಒಂದು ಒಲೆ, ಒಂದು ಬಾಗಿಲು. ಮನೆ ಎಂಬ ಮಾತೇ ನಮ್ಮ ಬಾಯಿಂದ ಬಿಟ್ಟುಹೋಗಿದೆ. ಇಷ್ಟು ಜನರ ಉಸಿರು ಮೇಲೇರಿ ಮುಚ್ಚಳಕ್ಕೆ ತಾಗಿ ನೀರಾಗಿ ತೊಟ್ಟಿಕ್ಕುತ್ತದೆ. ಉದ್ದ ಕೋಲಿಗೆ ಬಟ್ಟೆ ಕಟ್ಟಿ ಅದನ್ನು ಒರೆಸಿ ಹಿಂಡುವುದು ನನ್ನ ಕೆಲಸ. ನಮ್ಮನ್ನು ಬೆವರೊರೆಸುವವರು ಎನ್ನುತ್ತಾರೆ. ಹಿಂಡಿದ ನೀರನ್ನೇ ಸೋಸಿ ಕುಡಿಯುತ್ತೇವೆ. ರೊಟ್ಟಿ ಬಡಿಯುವುದು ಪಾಚಿಯ ಹಿಟ್ಟಿನಲ್ಲಿ. ಬಣ್ಣ ಹಸಿರು, ಬಡಿಯುವ ಸದ್ದು ಮಾತ್ರ ನಿನ್ನ ಕಾಲದ್ದೇ ಎಂದು ಮುದುಕಿಯರು ಹೇಳುತ್ತಾರೆ. ಮೂವತ್ತು ವರ್ಷದಿಂದ ತಲೆ ಎತ್ತಿಯೇ ಕೆಲಸ ಮಾಡಿದ್ದೇನೆ, ಒಮ್ಮೆಯೂ ಆಕಾಶ ಕಂಡಿಲ್ಲ.

ಈಗ ನಿನ್ನ ನಾಡಿನ ಗಾಳಿ ತಿಳಿಯಾಗಿದೆಯಂತೆ. ವರ್ಷಕ್ಕೊಂದು ಹಡಗು ಇಲ್ಲಿಂದ ಜನರನ್ನು ಅಲ್ಲಿಗೆ ಒಯ್ಯುತ್ತದೆ. ಹತ್ತಬೇಕಾದರೆ ಬೇರುಚೀಟಿ ಬೇಕು. ಮೊದಲು ವಲಸೆ ಬಂದ ಹಿರಿಯರು ಯಾವ ಊರಿನವರು, ಯಾರ ಮನೆತನದವರು ಎಂಬುದಕ್ಕೆ ಅದೇ ಪುರಾವೆ. ಬಂದವಳು ಹೆಂಗಸಾಗಿದ್ದರೆ ಗಂಡನ ಹೆಸರು, ಗಂಡನ ಊರು ಬರೆಯಬೇಕು. ತವರಿಗೆ ಆ ಅರ್ಜಿಯಲ್ಲಿ ಜಾಗವೇ ಇಲ್ಲ. ಐವತ್ತು ತುಂಬಿದವರನ್ನು ಹತ್ತಿಸಿಕೊಳ್ಳುವುದಿಲ್ಲ. ನನಗೆ ನಲವತ್ತೊಂಬತ್ತು, ಹಡಗಿಗೆ ಇನ್ನು ಎರಡು ವಾರ. ನನ್ನ ಅರ್ಜಿ ಒಂಬತ್ತು ಸಲ ವಾಪಸ್ ಬಂದಿದೆ. ಅದಕ್ಕೆ ಕಾರಣ ನೀನು, ಆಯಿ.

ನಿನ್ನನ್ನು ಹುಡುಕಲು ಹೋಗಿ ನನ್ನ ತಲೆ ಚಿಟ್ಟು ಹಿಡಿದಿದೆ. ಅಜ್ಜನ ನೋಟುಬುಕ್ಕಿನಲ್ಲಿ ನೀನು ಕಲಾವತಿಬಾಯಿ, ದೇಸಾಯರ ಸೊಸೆ, ಹನ್ನೆರಡು ಕಂಬದ ವಾಡೆಯವಳು. ದೇಸಾಯರ ಸೊಸೆ ಕಾರ್ಖಾನೆಯಲ್ಲಿ ಮೀನು ಸೀಳಲು ಇಷ್ಟು ದೂರ ಯಾಕೆ ಬಂದಳು ಎಂದು ಅಜ್ಜನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆ ಬರೆದಿಟ್ಟ ವಂಶಾವಳಿಯಲ್ಲಿ ನೀನು ವಿಧವೆ, ಗಂಡ ರೈಲಿನಲ್ಲಿ ತೀರಿಕೊಂಡ. ಒಂದು ಫೋಟೋದ ಹಿಂದೆ ‘ಕಲ್ಲವ್ವ ಮತ್ತು ತಂಗಿ’ ಎಂದಿದೆ, ಫೋಟೋದಲ್ಲಿರುವುದು ನೀನೊಬ್ಬಳೇ. ಬಂದರಿನ ದಫ್ತರದಲ್ಲಿ ಮಾತ್ರ ಸ್ಪಷ್ಟವಾಗಿದೆ: ಹೆಸರು ಕಲ್ಲವ್ವ, ಗಂಡ ನಮ್ಮನಿಯವರ, ಊರು ನಮ್ಮನಿ. ಅದೇ ನಮ್ಮೆಲ್ಲರ ಅಡ್ಡಹೆಸರಾಯಿತು. ದೊಡ್ಡಮನಿ, ಹೊಸಮನಿಯವರು ಇದ್ದ ಹಾಗೆ ನಾವು ನಮ್ಮನಿಯವರು ಎಂದುಕೊಂಡು, ಹಳೆಯ ನಕ್ಷೆಗಳನ್ನೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆರು ವರ್ಷ ಹುಡುಕಿದೆ. ಕೃಷ್ಣೆಯ ದಡದಿಂದ ತುಂಗಭದ್ರೆಯವರೆಗೆ ಅಂಥ ಊರಿಲ್ಲ.

ಮೊನ್ನೆ ಬಂದರಿನ ಹಳೆಯ ಧ್ವನಿಸಂಗ್ರಹದಲ್ಲಿ ನಿನ್ನ ದನಿ ಸಿಕ್ಕಿತು. ಹೆಸರು ಬರೆದುಕೊಳ್ಳುವ ಗುಮಾಸ್ತ ಇಲ್ಲಿಯವನು, ಕನ್ನಡ ಬಾರದವನು, ನಾಲ್ಕು ಕನ್ನಡ ಪ್ರಶ್ನೆಗಳನ್ನು ಬಾಯಿಪಾಠ ಮಾಡಿದ್ದಾನೆ. “ಗಂಡನ ಹೆಸರು?” ಎಂದ. ನೀನು ಸ್ವಲ್ಪ ತಡೆದು “ನಮ್ಮನಿಯವ್ರು ರೀ” ಎಂದೆ. “ಊರು?” ಎಂದ. “ನಮ್ಮನಿಯವ್ರ ಊರ ರೀ” ಎಂದೆ. ಅವನು ಎರಡನ್ನೂ ಬರೆದುಕೊಂಡ. ಪಕ್ಕದ ಗೂಡಿನ ಬಸಲಿಂಗವ್ವನಿಗೆ ತೊಂಬತ್ತು ವರ್ಷ. ಆಕೆಗೆ ಕೇಳಿಸಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅದು ಹೆಸರಲ್ಲ ತಂಗಿ! ಗಂಡನ ಹೆಸರು ಬಾಯಾಗ ತರಬಾರ್ದಂತ ಆಗಿನ ಹೆಂಗಸ್ರು ಹಂಗ ಅಂತಿದ್ರು. ನಮ್ಮ ಮನಿಯವ್ರು ಅಂದ್ರ ನನ್ನ ಗಂಡ!” ಎಂಟು ತಲೆಮಾರು ನಾವು ‘ನನ್ನ ಗಂಡ’ ಎಂಬುದನ್ನೇ ಅಡ್ಡಹೆಸರೆಂದು ಹೊತ್ತು ತಿರುಗಿದ್ದೇವೆ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ನಿನ್ನ ನಾಚಿಕೆಗಾಗಿ ನಾನು ಇಲ್ಲಿ ಕೊಳೆಯಬೇಕೇ? ಅದಕ್ಕೇ ಈ ಪತ್ರಕ್ಕೆ ಕೂತೆ. ಬಂದರಿನಲ್ಲಿ ಹೆಸರು ಬರೆಸುವ ಸಾಲಿನಲ್ಲಿ ನಿನ್ನ ಸರದಿ ಬರುವ ಮುಂಚೆ ಇದು ಹೇಗಾದರೂ ನಿನ್ನ ಕೈಸೇರಲಿ. ಒಂದೇ ಒಂದು ಸಲ ನಾಚಿಕೆ ಬಿಟ್ಟು ಅವನ ಹೆಸರು ಹೇಳು ಎಂದು ಕೇಳಬೇಕಿತ್ತು.

ಇಷ್ಟು ಬರೆದು ಕೆಲಸಕ್ಕೆ ಹೋದೆ. ಬಂದ ಮೇಲೆ, ಎಲ್ಲಾದರೂ ಊರಿನ ಹೆಸರು ಸಿಕ್ಕೀತೆಂದು ಆ ಧ್ವನಿಯನ್ನು ಕೊನೆಯವರೆಗೂ ಕೇಳಿದೆ. ಗುಮಾಸ್ತ ಬರೆದು ಮುಗಿಸಿ ಎದ್ದು ಹೋದರೂ ಯಂತ್ರ ನಿಂತಿರಲಿಲ್ಲ. ನಿನ್ನ ಹಿಂದೆ ನಿಂತ ಹೆಂಗಸು “ಬಾಯಾಗ ಬ್ಯಾಡಂದ್ರ ಬರದಾದ್ರೂ ಕೊಡಬೇಕಿತ್ತಲ್ಲವ್ವ” ಎನ್ನುತ್ತಾಳೆ. ನೀನು ದನಿ ತಗ್ಗಿಸಿ ಹೇಳುತ್ತೀ: “ಕಾಗದದಾಗ ಹೆಸರು ಬಿತ್ತಂದ್ರ ಅದನ್ನ ಹಿಡ್ಕೊಂಡು ಹುಡಿಕ್ಕೋತ ಬರ್ತಾನ. ಒಂದು ಕೈ ಮುರದಾನ. ಇನ್ನೊಂದು ಉಳಿಸ್ಕೊಂಡು ಬಂದೀನಿ.”

ಮತ್ತೆ ಮತ್ತೆ ಅದನ್ನೇ ಕೇಳಿದೆ. ನಾಚಿಕೆಯಲ್ಲ ಅದು, ನೀನು ಬೇಕೆಂದೇ ಬಾಯಿ ಬಿಡಲಿಲ್ಲ. ಆ ಗಂಡಸು ಹುಡುಕಿಕೊಂಡು ಬರುತ್ತಾನೆಂದು ನೀನು ಅಂಜಿದ ಹಾಗೆಯೇ ನಾನೂ ಆರು ವರ್ಷ ನಿನ್ನ ಬೆನ್ನು ಹತ್ತಿದೆನಲ್ಲ ಎಂದು ಅಳು ಬಂತು. ಗಂಡನ ಹೆಸರಿನ ಜಾಗವನ್ನು ಖಾಲಿ ಬಿಟ್ಟು ಈ ಹೊತ್ತು ಹತ್ತನೇ ಅರ್ಜಿ ಕೊಟ್ಟು ಬಂದೆ. ಅದೂ ವಾಪಸ್ ಬರುತ್ತದೆ, ಗೊತ್ತು.

ಹಾಗಾಗಿ ಮೇಲೆ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವನ ಹೆಸರು ಹೇಳಬೇಡ. ಗುಮಾಸ್ತ ಎಷ್ಟು ಸಲ ಕೇಳಿದರೂ ಹೇಳಬೇಡ. ಈ ಪತ್ರವನ್ನೂ ಓದಿ ಹರಿದುಬಿಡು. ನೀನು ಇಳಿದ ಬಂದರಿನ ಸುಳಿವು ಇದರಲ್ಲಿದೆ, ಅವನ ಕೈಗೆ ಸಿಕ್ಕೀತು. ನಾನು ಇಲ್ಲಿಯೇ ಇರುತ್ತೇನೆ. ಆದರೆ ಖುಷಿಯಿಂದ ಇರುತ್ತೇನೆಂದು ತಿಳಿಯಬೇಡ, ಆಯಿ. ನನಗೆ ಹೊರಗೆ ಹೋಗಬೇಕಿತ್ತು.