ಅಮಾವಾಸ್ಯೆಯ ದಿನ ಕೈತಪ್ಪಿದ ಸಾವಿರ ಪ್ಯಾಂಟು

ಪಾರ್ವತಿನಗರ, ಬಳ್ಳಾರಿ
೨೮ ಜೂನ್ ೨೦೨೫

ಫೋನು ಎತ್ತದೆ ಕೂತಿರುವ ನನ್ನ ಗಂಗೋತ್ರಿ ಅಕ್ಕನಿಗೆ,

ನಿನ್ನೆ ಬಂದೆ, ನೀನು ಬಾಗಿಲು ತೆಗೆಯಲಿಲ್ಲ. ಅದಕ್ಕೇ ಈ ಹಾಳೆ. ನಿನ್ನ ಹತ್ತಿರ ಹೊಲಿಯುವ ಹಂಪಕ್ಕ ಬಳ್ಳಾರಿಗೆ ಬಂದಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ತುತ್ತು ಅನ್ನ ಮುಟ್ಟುತ್ತಿಲ್ಲವಂತೆ. “ನನ್ನ ಕೈಯಾರೆ ಹನ್ನೆರಡು ಮಂದಿ ಹೊಟ್ಟಿ ಮ್ಯಾಲೆ ಹೊಡದೆ” ಎಂದು ಕೂತಲ್ಲೇ ಅಳುತ್ತೀಯಂತೆ. ಸೋಮವಾರ ಮಷೀನುಗಳನ್ನೆಲ್ಲ ಮಾರಿಬಿಡುತ್ತೀಯಂತೆ. ಅಯ್ಯೋ, ಹಾಗೆ ಮಾತ್ರ ಮಾಡಬೇಡವೇ!

ಕಂಪ್ಯೂಟರ್ ಓದದ ವ್ಯಾಪಾರಸ್ಥರೂ ತಮ್ಮ ವೆಬ್ ಆ್ಯಪ್ ತಾವೇ ಕಟ್ಟಿಕೊಳ್ಳಬಹುದು ಎಂದು ಊರೂರು ತಿರುಗಿ ಕಲಿಸುವವಳು ನಾನು. ಕುರುಗೋಡಿನ ನಿನ್ನ ಹೊಲಿಗೆ ಘಟಕಕ್ಕೂ ಕೌಲ್ ಬಜಾರಿನ ಜೀನ್ಸ್ ವ್ಯಾಪಾರಿ ಜಯತೀರ್ಥರಿಗೂ ಒಂದೇ ಆ್ಯಪ್ ಇರಲಿ, ಅವರು ಆರ್ಡರ್ ಹಾಕಲಿ, ನೀನು ಒಪ್ಪಿಗೆ ಒತ್ತು ಎಂದೆ. ಏಳನೇ ಕ್ಲಾಸು ಓದಿದ ನೀನು ಹದಿನೈದೇ ದಿನದಲ್ಲಿ ಕಟ್ಟಿದೆಯಲ್ಲ! “ಲೇ ಅರುಣಾ, ಇದು ನಾ ಹೊಲಿದ ಆ್ಯಪು ನೋಡಲೇ” ಎಂದು ನೀನು ಓಣಿಗೆಲ್ಲ ತೋರಿಸಿದ್ದೆ.

ಮಣ್ಣೆತ್ತಿನ ಅಮಾವಾಸ್ಯೆಗೆ, ರೈತರು ಎತ್ತಿಗೆ ಬಿಡುವು ಕೊಡುವ ಹಾಗೆ, ನೀನು ಮಷೀನು ತುಳಿಯುವುದಿಲ್ಲ. ಈ ಸಲ ಫೋನನ್ನೂ ಮಷೀನುಗಳ ಸಾಲಿಗೇ ಸೇರಿಸಿ, ಕುಂಕುಮ ಹಚ್ಚಿ, ದೇವರ ಮುಂದೆ ಇಟ್ಟುಬಿಟ್ಟೆ. ಅವತ್ತೇ ಬೆಳಿಗ್ಗೆ ಸಾವಿರ ಪ್ಯಾಂಟಿನ ಆರ್ಡರ್ ಬಂತು. ಸಂಜೆ ಆರರೊಳಗೆ ಒಪ್ಪದಿದ್ದರೆ ಕೆಲಸ ತಾನಾಗಿ ಬೇರೆಯವರಿಗೆ ಹೋಗಬೇಕೆಂಬ ನಿಯಮ ಆ್ಯಪಿನಲ್ಲಿತ್ತು. ಸಿರುಗುಪ್ಪದವರಿಗೆ ಹೋಯಿತು. ನಾನು ಜಯತೀರ್ಥರ ಮುಂದೆ ಸೆರಗೊಡ್ಡಿ ಬೇಡಿದೆ. “ಅಲ್ಲಿ ಬಟ್ಟಿ ಕತ್ತರಿಸ್ಯಾರ, ಇನ್ನ ಮುಗೀತ್ರಿ” ಎಂದರು.

ಆ ನಿಯಮ ನೀನೇ ಬರೆದು ಮರೆತೆ ಎಂದುಕೊಂಡಿದ್ದೀಯ. ನೀನು ಬರೆದದ್ದಲ್ಲ ಅಕ್ಕ. ಜಯತೀರ್ಥರು ಕೇಳಿದರೆಂದು, ನಿನಗೊಂದು ಮಾತೂ ಹೇಳದೆ, ನಾನು ಸೇರಿಸಿದೆ. ಅಮಾವಾಸ್ಯೆ ನನ್ನ ತಲೆಗೆ ಹೊಳೆಯಲೇ ಇಲ್ಲ. ನನಗೆ ಉಗಿ, ಹೊಡೆ, ಇನ್ನು ಮನೆಗೆ ಸೇರಿಸಬೇಡ. ಮಷೀನು ಮಾತ್ರ ಮಾರಬೇಡ, ನಿನ್ನ ಕಾಲು ಹಿಡಿಯುತ್ತೇನೆ. ಆ ಹನ್ನೆರಡು ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು?

ನಿನ್ನ ಪಾಪಿ ತಂಗಿ,
ಅರುಣಾ

ತಾ.ಕ.: ಹೊಳೆಯಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಅವತ್ತು ಮಧ್ಯಾಹ್ನವೇ ಆ ಆರ್ಡರ್ ನನಗೂ ಕಂಡಿತ್ತು. ನಿನ್ನ ಪರವಾಗಿ ಒಪ್ಪಿಗೆ ಒತ್ತುವ ಅಧಿಕಾರ ನನಗಿತ್ತು. ನಿಯಮ ತಾನಾಗಿ ಕೆಲಸ ದಾಟಿಸುವುದನ್ನು ಒಮ್ಮೆ ಕಣ್ಣಾರೆ ಕಂಡರೆ ಇನ್ನೂ ಇಪ್ಪತ್ತು ಘಟಕಗಳಿಗೆ ಕಲಿಸುವ ಕೆಲಸ ಕೊಡುತ್ತೇನೆ ಎಂದಿದ್ದರು ಜಯತೀರ್ಥರು. ಆರು ಹೊಡೆಯುವವರೆಗೆ ನೋಡುತ್ತಾ ಕೂತಿದ್ದೆ.