ವಿರಂಬೂಲಿನವರು ಆಕ್ಷೇಪಿಸಲಿಲ್ಲ ಎಂಬ ತಮ್ಮ ಮಾತಿನ ಕುರಿತು

ಗ್ರಾಮೀಣ ಆರೋಗ್ಯ ಸೇವೆಗಳ ನಿರ್ದೇಶಕರೇ,

ಮಾನ್ಯರೇ, ನಮ್ಮೂರಿನ ದಾದಿ ಕೇಂದ್ರಕ್ಕೆ ಬೀಗ ಹಾಕಿದ್ದನ್ನು ಸಮರ್ಥಿಸಿ ತಾವು ಹೊರಡಿಸಿದ ವರದಿಯನ್ನು ಓದಿದೆ. ‘ವಿರಂಬೂಲ್ ನಿವಾಸಿಗಳು ಯಾವುದೇ ಆಕ್ಷೇಪಣೆ ವ್ಯಕ್ತಪಡಿಸಲಿಲ್ಲ’ ಎಂಬ ವಾಕ್ಯ ಅದರಲ್ಲಿದೆ. ಉಳಿದದ್ದೆಲ್ಲ ನನಗೆ ತಿಳಿಯದ ಕಚೇರಿ ಭಾಷೆಯಲ್ಲಿರುವುದರಿಂದ ಅದರ ತಂಟೆಗೆ ಹೋಗುವುದಿಲ್ಲ. ಈ ಒಂದು ವಾಕ್ಯ ಮಾತ್ರ ಸುಳ್ಳು. ಮುಂದಿನ ತಿಂಗಳು ಆ ಕಟ್ಟಡವನ್ನೂ ಹರಾಜು ಹಾಕುತ್ತೀರಂತೆ. ಕಟ್ಟಡವೇ ಹೋದ ಮೇಲೆ ದಾದಿ ಬಂದು ಕೂರುವುದೆಲ್ಲಿ? ಜಗಳವಾಡುವ ತ್ರಾಣ ನನ್ನಲ್ಲಿ ಉಳಿದಿಲ್ಲ, ಆದ್ದರಿಂದ ಪತ್ರ ಬರೆಯುತ್ತಿದ್ದೇನೆ.

ತಾವು ಕಳಿಸಿದ ಅಧಿಕಾರಿ ಒಳ್ಳೆಯ ಹುಡುಗ. ಊರಿನ ಸಭಾಂಗಣದಲ್ಲಿ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಬಣ್ಣಬಣ್ಣದ ಚಿತ್ರ ತೋರಿಸಿ, ದಾದಿಯ ಬದಲು ಇನ್ನು ಮುಂದೆ ದೂರವಾಣಿಯಲ್ಲೇ ಸಲಹೆ ಸಿಗುತ್ತದೆ ಎಂದು ವಿವರಿಸಿದ. ಕೊನೆಗೆ ಕೇಳಿದ, “ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ?” ಯಾರೋ ಕೆಮ್ಮಿದರು. ಗೋಧಿ ಬೆಳೆಯುವ ಮರ್ವ್ ಹಿಂದಿನ ಸಾಲಿನಿಂದ, “ಹೇಳೋಕೇನಿದೆ ಮಾರಾಯಾ. ಪರವಾಗಿಲ್ಲ ಬಿಡು” ಅಂದ. ನನ್ನ ಗಂಡ ರಾಸ್ ಕೂಡ ತಲೆಯಾಡಿಸಿ ಪರವಾಗಿಲ್ಲ ಅಂದರು. ಹುಡುಗನ ಮುಖ ಅರಳಿತು. “ಎಲ್ಲಾ ಕಡೆ ಇಷ್ಟು ಸಲೀಸಾಗಿ ಮುಗಿಯಲ್ಲ” ಎಂದು ಖುಷಿಯಾಗಿ, ನಾವು ಮಾಡಿಟ್ಟ ಲ್ಯಾಮಿಂಗ್ಟನ್ ಕೇಕ್ ತಿಂದು, ಮನೆಗೂ ಒಂದಿಷ್ಟು ಕಟ್ಟಿಸಿಕೊಂಡು ಹೋದ. ಅವನ ಕಾರು ತಿರುವು ದಾಟಿದ್ದೇ ತಡ, ಮರ್ವ್ ಸಭಾಂಗಣದ ಮೆಟ್ಟಿಲಿಗೆ ಜಾಡಿಸಿ ಒದ್ದು, “ಥೂ, ಇವರ ಮನೆ ಹಾಳಾಗ!” ಅಂದ. ಅದು ನಮ್ಮ ಆಕ್ಷೇಪಣೆಯಾಗಿತ್ತು ಸ್ವಾಮಿ. ಬರೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ಹೊರಗಿನವರಿಗೆ ನಮ್ಮೂರಿನ ಸ್ವಭಾವ ಗೊತ್ತಾಗುವುದು ಕಷ್ಟ. ಉಗಿಬಂಡಿಗೆ ನೀರು ತುಂಬಿಸಲು ರೈಲಿನವರು ಇಲ್ಲೊಂದು ತೊಟ್ಟಿ ಕಟ್ಟಿದರು, ತೊಟ್ಟಿಯ ಸುತ್ತ ಊರಾಯಿತು. ಅದಕ್ಕೂ ಮೊದಲು ಸಾವಿರಾರು ವರ್ಷ ಇಲ್ಲಿ ಬಾಳಿದ ಮೂಲನಿವಾಸಿಗಳನ್ನು ಕೇಳಿದ್ದರೇ? ಅವರೂ ಆಕ್ಷೇಪಿಸಲಿಲ್ಲವೆಂದೇ ಆಗಿನ ಯಾವುದೋ ವರದಿಯಲ್ಲಿ ಬರೆದಿರುತ್ತೀರಿ. ಆಮೇಲೆ ಡೀಸೆಲ್ ಎಂಜಿನ್ ಬಂತು, ನೀರು ಬೇಡವಾಯಿತು. ನಂತರ ರೈಲೇ ನಿಂತಿತು. ಪರವಾಗಿಲ್ಲ ಅಂದೆವು. ಬ್ಯಾಂಕು ಹೋಯಿತು, ಪರವಾಗಿಲ್ಲ. ಶಾಲೆ ಮುಚ್ಚಿತು, ಮಕ್ಕಳು ಬಸ್ಸಿನಲ್ಲಿ ಹೋದರಾಯಿತು, ಪರವಾಗಿಲ್ಲ. ಫುಟ್‌ಬಾಲ್ ತಂಡಕ್ಕೆ ಆಳು ಸಾಲದೆ, ತಲೆಮಾರುಗಳಿಂದ ಬೈದಾಡಿಕೊಂಡು ಬಂದ ಪಕ್ಕದೂರಿನ ತಂಡದೊಳಗೆ ನಮ್ಮದನ್ನು ಸೇರಿಸಿದರು. ಅವತ್ತು ಮಾತ್ರ ಪಬ್ಬಿನಲ್ಲಿ ಒಂದಿಬ್ಬರು ಅತ್ತರು. ಅತ್ತು ಮೂಗೊರೆಸಿಕೊಂಡು ಅವರೂ ಅದನ್ನೇ ಅಂದರು. ಗೋಳು ಹೇಳಿಕೊಳ್ಳುವುದು ನಮ್ಮಲ್ಲಿ ಕಳ್ಳತನಕ್ಕಿಂತ ದೊಡ್ಡ ಅವಮಾನ. ಕಳ್ಳನನ್ನಾದರೂ ಕ್ರಿಸ್ಮಸ್ ಊಟಕ್ಕೆ ಕರೆಯುತ್ತೇವೆ.

ಈ ಭಾಷೆ ಅರ್ಥವಾಗುತ್ತಿದ್ದದ್ದು ಕೇಂದ್ರದ ದಾದಿ ಸಿಸ್ಟರ್ ವಾಲ್‌ಗೆ ಮಾತ್ರ. ಊರಿಗೆ ಬಂದ ಹೊಸದರಲ್ಲಿ ಅವಳೂ ಮೋಸಹೋಗಿದ್ದಳು. ಕಾಳು ಏರಿಸುವ ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ಮರ್ವ್, ತುಂಡಾದ ಎರಡು ಬೆರಳನ್ನು ಊಟದ ಡಬ್ಬಿಯಲ್ಲಿ ಹಾಕಿಕೊಂಡು ಬಂದು, ಕೇಂದ್ರದ ಬೆಂಚಿನ ಮೇಲೆ ಕೂತು, “ಪರವಾಗಿಲ್ಲ ಸಿಸ್ಟರ್, ನಿಮ್ಮ ಕೆಲಸ ಮುಗಿಸ್ಕೊಳ್ಳಿ, ಕಾಯ್ತೀನಿ” ಅಂದಿದ್ದ. ನೆಲದ ಮೇಲೆ ರಕ್ತ ಕಂಡಾಗಲೇ ಅವಳಿಗೆ ಗೊತ್ತಾದದ್ದು. ಅಂದಿನಿಂದ ನಮ್ಮ ಮಾತನ್ನು ಅವಳು ನಂಬಿದ್ದೇ ಇಲ್ಲ. “ನಿಮ್ಮೂರಲ್ಲಿ ಪರವಾಗಿಲ್ಲ ಅಂದ್ರೆ ಓಡಿ ಬಾ ಅಂತ” ಎಂದು ಬೈಯುತ್ತಿದ್ದಳು. ಬಾಯಿ ಬಿಟ್ಟು ಕೇಳುವ ಮೊದಲು ಮುಖ ನೋಡುತ್ತಿದ್ದಳು, ನಡಿಗೆ ನೋಡುತ್ತಿದ್ದಳು, ಆಮೇಲೆ ಕಿವಿ ಹಿಂಡಿ ಒಳಗೆ ಕರೆದುಕೊಂಡು ಹೋಗುತ್ತಿದ್ದಳು.

ಇಂಥ ಸೇವೆಯನ್ನು ಸರ್ಕಾರ ಮರೆಯಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ರೈಲು ನಿಂತ ಮೇಲೆ ಖಾಲಿ ಬಿದ್ದಿದ್ದ, ಗೋಧಿ ಕೂಡಿಡುವ ಎತ್ತರದ ಗೋಪುರದ ಮೈತುಂಬ ಅವಳ ಚಿತ್ರ ಬರೆಸಿದಿರಿ. ಮೈಲಿಗಟ್ಟಲೆ ದೂರಕ್ಕೆ ಕಾಣುವ ಮುಖ. ಪ್ರವಾಸಿಗರು ಬಂದು ಫೋಟೊ ತೆಗೆದುಕೊಂಡು, ಮಾಂಸದ ಪೈ ತಿಂದು ಹೋಗುತ್ತಾರೆ. ಬಣ್ಣ ಒಣಗುವ ಮೊದಲೇ ಅವಳಿಗೆ ಕರಾವಳಿ ಪಟ್ಟಣಕ್ಕೆ ವರ್ಗವಾಯಿತು. “ನನ್ನನ್ನ ಗೋಡೆಗೆ ಬಳಿದು ಊರಿಂದ ಓಡಿಸ್ತಿದಾರಲ್ಲೇ ಲೋರ್ನಾ” ಅಂದಳು. ಇಬ್ಬರೂ ನಕ್ಕೆವು. ಬಸ್ಸು ಹೋದ ಮೇಲೆ ನಾನು ನನ್ನ ದಿನಸಿ ಅಂಗಡಿಯ ಬಾಗಿಲು ಹಾಕಿಕೊಂಡು ಅತ್ತೆ.

ಇನ್ನು ತಮ್ಮ ದೂರವಾಣಿ ಸೇವೆಯ ವಿಷಯ. ಮಾರ್ಚಿನಲ್ಲಿ ಒಂದು ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದ ರಾಸ್ ಕೈಯಿಂದ ಟೋಸ್ಟ್ ಜಾರಿತು. ಎತ್ತಿಕೊಳ್ಳಲು ಹೋದರು, ಮತ್ತೆ ಜಾರಿತು. ಬಲಗೈ ಹಿಡಿತಕ್ಕೆ ಬರುತ್ತಿರಲಿಲ್ಲ. ನಾನು ತಾವು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುಮಗಳು, “ಪೇಶೆಂಟ್ ಜೊತೆನೇ ಮಾತಾಡ್ಬೇಕಮ್ಮ, ಹಾಗೇ ನಿಯಮ ಇರೋದು” ಅಂದಳು. ಕೊಟ್ಟೆ.

“ಹೇಗಿದೀರಿ ಸರ್?”

“ಪರವಾಗಿಲ್ಲಮ್ಮ. ಕೈ ಸ್ವಲ್ಪ ಜೋಮು ಹಿಡಿದಿದೆ, ಅಷ್ಟೇ. ಇವಳಿಗೆ ಎಲ್ಲದಕ್ಕೂ ಗಾಬರಿ.”

“ಬೇರೇನಾದ್ರೂ ತೊಂದ್ರೆ ಇದ್ಯಾ?”

“ಛೆ ಛೆ. ನಿಮಗ್ಯಾಕೆ ಸುಮ್ನೆ ತೊಂದ್ರೆ.”

ನಾನು ಫೋನ್ ಕಿತ್ತುಕೊಂಡು ಮಾತು ತೊದಲುತ್ತಿದೆ ಎಂದು ಕೂಗಿದೆ. “ನನಗೆ ಸ್ಪಷ್ಟವಾಗೇ ಕೇಳಿಸ್ತಲ್ಲಮ್ಮ” ಅಂದಳು. ವಿಶ್ರಾಂತಿ ತೆಗೆದುಕೊಳ್ಳಲಿ, ಹೆಚ್ಚಾದರೆ ಮತ್ತೆ ಫೋನ್ ಮಾಡಿ ಎಂದಳು. ಅವಳ ತಪ್ಪೇನಿದೆ? ಅವಳು ಕೇಳಿದ್ದಕ್ಕೆ ರಾಸ್ ಉತ್ತರ ಕೊಟ್ಟರು. ಸಿಸ್ಟರ್ ವಾಲ್ ಇದ್ದಿದ್ದರೆ, “ಬಾಯಿ ಮುಚ್ಚು ರಾಸ್, ನಿನ್ನನ್ನ ಯಾರು ಕೇಳಿದ್ರು? ಎರಡೂ ಕೈ ಎತ್ತು ನೋಡೋಣ” ಎನ್ನುತ್ತಿದ್ದಳು. ಮಧ್ಯಾಹ್ನ ಕುರ್ಚಿಯಿಂದ ಎದ್ದವರು ನಿಲ್ಲಲಾಗದೆ ಕುಸಿದರು. ಆಂಬುಲೆನ್ಸ್ ಬಂದು ಪಟ್ಟಣ ಮುಟ್ಟಿಸುವಷ್ಟರಲ್ಲಿ ಲಕ್ವಕ್ಕೆ ಮದ್ದು ಕೊಡುವ ಹೊತ್ತು ಮೀರಿತ್ತು. ಬೆಳಿಗ್ಗೆಯೇ ಯಾಕೆ ಕರೆತರಲಿಲ್ಲ ಎಂದು ಡಾಕ್ಟರು ನನ್ನನ್ನು ಕೇಳಿದರು. ತಮ್ಮನ್ನು ಕೇಳಬೇಕಿತ್ತು.

ಈಗ ಅವರ ಬಲಭಾಗ ಏಳುವುದಿಲ್ಲ. ಮಾತು ಹೋಯಿತು. ಒಂದೇ ಒಂದು ಮಾತು ಉಳಿದಿದೆ, ಯಾವುದೆಂದು ತಾವು ಊಹಿಸಬಲ್ಲಿರಿ. ನೀರು ಬೇಕಾದರೂ ಅದೇ, ಹೊಟ್ಟೆನೋವಿಗೂ ಅದೇ. ಹೋದ ವಾರ ನಾನು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಾಗ ತಮ್ಮ ಕಚೇರಿಯಿಂದ ಫೋನ್ ಬಂತು. ಅವರೇ ಎಡಗೈಯಲ್ಲಿ ಎತ್ತಿಕೊಂಡಿದ್ದರು. ನಾನು ಒಳಗೆ ಬಂದಾಗ ಆ ಕಡೆಯ ದನಿ, “ನಮ್ಮ ಸೇವೆ ಹೇಗಿತ್ತು ಸರ್?” ಎಂದು ಕೇಳುತ್ತಿತ್ತು.

“ಪರವಾಗಿಲ್ಲ.”

“ಹಾಗಾದ್ರೆ ತೃಪ್ತಿಕರ ಅಂತ ಹಾಕ್ಕೊಳ್ಲಾ ಸರ್?”

“ಪರವಾಗಿಲ್ಲ... ಪರವಾಗಿಲ್ಲ...”

“ತುಂಬಾ ಥ್ಯಾಂಕ್ಸ್ ಸರ್!”

ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು ಮಾನ್ಯರೇ. ಅದಕ್ಕೆ ಎಷ್ಟು ಅಂಕ ಹಾಕಿಕೊಂಡಿರಿ?

ನಾನು ಕೇಳುವುದು ಹೆಚ್ಚೇನಿಲ್ಲ. ಹರಾಜು ನಿಲ್ಲಿಸಿ. ವರದಿಯ ಆ ವಾಕ್ಯವನ್ನು ಹೊಡೆದುಹಾಕಿ, ವಿರಂಬೂಲಿನವರು ಆಕ್ಷೇಪಿಸುತ್ತಾರೆ ಎಂದು ಬರೆಯಿರಿ. ಬೇಕಾದರೆ ನನ್ನೊಬ್ಬಳ ಹೆಸರೇ ಹಾಕಿ, ಊರಿನವರು ನಾಚಿಕೊಂಡಾರು. ಸಿಸ್ಟರ್ ವಾಲ್‌ಳನ್ನು ಮರಳಿ ಕಳಿಸಲಾಗದಿದ್ದರೆ ಬೇರೆ ಯಾರನ್ನಾದರೂ ಕಳಿಸಿ, ಆದರೆ ಫೋನಲ್ಲ, ಕಾಲುಗಳಿರುವ ಮನುಷ್ಯರನ್ನು ಕಳಿಸಿ. ನಾಳೆ ಮರ್ವ್‌ಗೋ ನನಗೋ ಏನಾದರೂ ಆದರೆ, ಇಷ್ಟೆಲ್ಲ ಬರೆದ ಮೇಲೂ, ನಾವು ಫೋನಿನಲ್ಲಿ ಅದನ್ನೇ ಹೇಳುತ್ತೇವೆ. ಈ ವಯಸ್ಸಿನಲ್ಲಿ ನಮ್ಮ ಬಾಯಿ ತಿದ್ದಲಾಗದು. ನಾವು ಹಾಗೆ ಹೇಳುವಾಗ ನಮ್ಮ ಮುಖ ನೋಡುವವರು ಒಬ್ಬರು ಬೇಕು.

ಇಂತಿ,
ತಮ್ಮ ದಾಖಲೆಗಳ ಪ್ರಕಾರ ಸಂತೃಪ್ತಳಾಗಿರುವ,
ಲೋರ್ನಾ ಟ್ರೆಗೆಂಜಾ
ದಿನಸಿ ಅಂಗಡಿ, ವಿರಂಬೂಲ್