ತಣ್ಣಗಿದ್ದ ಸಿಲಿಂಡರ್

ಥಾರ್ನ್‌ಕ್ಲಫ್, ಲ್ಯಾಂಕಶೈರ್
೧೪ ಅಕ್ಟೋಬರ್ ೧೯೮೭

ಪ್ರೀತಿಯ ತಮ್ಮ ಕ್ಲೆಮೆಂಟ್,

ಪರ್ತ್‌ನ ಬಿಸಿಲಿಗೆ ನಿನ್ನ ಬೆನ್ನುನೋವು ಕಡಿಮೆಯಾಗಿದೆಯೇ? ಆಗಿರಲಿ. ಇಲ್ಲಿಯ ಸುದ್ದಿಯನ್ನು ನೆಟ್ಟಗೆ ಕೂತು ಓದಬೇಕು.

ಈ ತಿಂಗಳ ಮೂರನೇ ತಾರೀಖು, ಶನಿವಾರ ಮಧ್ಯಾಹ್ನ, ಊರ ಸಭಾಂಗಣದ ಎಂಜಿನ್ ಪ್ರದರ್ಶನದಲ್ಲಿ ಇನ್ನೂರು ಜನರೆದುರು ಅಪ್ಪನ ಮರ್ಯಾದೆ ತೆಗೆದರು. ತೆಗೆದವರು ಅವನೇ ಕಟ್ಟಿ ಬೆಳೆಸಿದ ಪುಟ್ಟ ಎಂಜಿನ್ ಮಾಡುವ ಹವ್ಯಾಸಿಗಳ ಸಂಘದವರು.

ಹಿತ್ತಲಿನ ಶೆಡ್ಡಿನಲ್ಲಿ ಅವನು ಹತ್ತೊಂಬತ್ತು ವರ್ಷ ಮಾಡಿದ ಎಂಜಿನ್ ನಿನಗೆ ಗೊತ್ತು. ಅವನು ದುಡಿದ ಹತ್ತಿಗಿರಣಿಯ ಉಗಿ ಎಂಜಿನ್ನಿನದೇ ಪ್ರತಿರೂಪ, ಇಪ್ಪತ್ನಾಲ್ಕರಲ್ಲಿ ಒಂದು ಪಾಲು; ಗಾಲಿ ಊಟದ ತಟ್ಟೆಯಷ್ಟು, ಬೋಲ್ಟುಗಳು ಸಾಸಿವೆಯಷ್ಟು. ಗಿರಣಿ ಕೆಡವಿದ ಮೇಲೆ ಆ ದೈತ್ಯ ಉಳಿದದ್ದು ಇದರಲ್ಲಿ ಮಾತ್ರ. ಅಪ್ಪನಿಗೀಗ ಎಂಬತ್ತೊಂದು. ಕಣ್ಣು ಮಂಜು, ಬೆರಳಿನಿಂದಲೇ ನೋಡುತ್ತಾನೆ. ಪ್ರದರ್ಶನದ ದಿನ ಅಂಗಳದ ಬಾಯ್ಲರಿನಿಂದ ಕೊಳವೆಗಳಲ್ಲಿ ಎಲ್ಲ ಮೇಜುಗಳಿಗೂ ಉಗಿ ಬಂತು. ಎಲ್ಲರ ಗಾಲಿ ತಿರುಗಿತು, ಅವನದು ತಿರುಗಲಿಲ್ಲ. ಉಗಿ ಬಿಡುವ ಕವಾಟ ಕೂದಲೆಳೆಯಷ್ಟು ಜರುಗಿತ್ತು, ಅಷ್ಟೇ. ಅರ್ಧ ಗಂಟೆಯ ಕೆಲಸ. ಕಾರ್ಯದರ್ಶಿ ಸಿರಿಲ್ ಗ್ರಿಮ್‌ಶಾ ಬಂದು, "ನೀವು ಟೀ ಕುಡ್ಕೊಂಡ್ ಬನ್ನಿ ತಾತ, ನಾವು ನೋಡ್ಕೋತೀವಿ" ಎಂದ. ಎಷ್ಟು ಒಳ್ಳೆಯವನು ಎಂದುಕೊಂಡೆ ನಾನು, ದಡ್ಡಿ.

ಮರಳಿ ಬಂದಾಗ ಗಾಲಿ ಸುತ್ತುತ್ತಿತ್ತು. "ಓಡ್ತಿದೆ ವಿನಿ, ಓಡ್ತಿದೆ ಕಣೇ!" ಎಂದು ಅಪ್ಪ ನನ್ನ ತೋಳು ಹಿಡಿದು ಅತ್ತ. ಸಿರಿಲ್ ಎಲ್ಲರನ್ನೂ ಕೂಗಿ ಸುತ್ತ ನಿಲ್ಲಿಸಿದ. ಚಪ್ಪಾಳೆ. ಆಮೇಲೆ ಅಪ್ಪ ಐವತ್ತು ವರ್ಷಗಳ ಅಭ್ಯಾಸದಂತೆ ಸಿಲಿಂಡರಿನ ಮೇಲೆ ಕೈಯಿಟ್ಟ. ಉಗಿ ಹೊಕ್ಕಿದ್ದರೆ ಕೈ ಸುಡಬೇಕಿತ್ತು. "ತಣ್ಣಗಿದೆಯಲ್ಲೋ" ಎಂದ, ಮೆಲ್ಲಗೆ. "ಇನ್ನೇನು ತಾತ, ಕರೆಂಟಿಗೆ ಜ್ವರ ಬರುತ್ತಾ?" ಎನ್ನುತ್ತ ಸಿರಿಲ್ ಮೇಜಿನ ಬಟ್ಟೆ ಎತ್ತಿದ. ಕೆಳಗೆ ವಿದ್ಯುತ್ ಮೋಟಾರು, ಒಂದು ರಬ್ಬರ್ ಬೆಲ್ಟು. ನಗು ಸೂರಿಗೆ ಮುಟ್ಟಿತು. "ಎಲ್ಲರದ್ದೂ ಮುಟ್ಟಿ ಮುಟ್ಟಿ ತಪ್ಪು ಹಿಡೀತಿದ್ರಲ್ಲ ಯಜಮಾನ್ರು, ಇವತ್ತು ತಮ್ದೇ ಸಿಕ್ತು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹಿಡಿಯುತ್ತಿದ್ದ, ನಿಜ. ೧೯೫೮ರ ಪ್ರದರ್ಶನ ನಾನು ಮರೆತಿಲ್ಲ. ನಿನಗೆ ಇಪ್ಪತ್ತೆರಡು, ಅವನು ತೀರ್ಪುಗಾರ. ನಿನ್ನ ಎಂಜಿನ್ನನ್ನು ಸವರಿ, "ಈ ಸಿಲಿಂಡರ್ ನನ್ನ ಮಗ ಮಾಡಿದ್ದಲ್ಲ, ಅಂಗಡೀದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅದನ್ನು ಕಡೆದವನು ನೀನೇ; ಲೇತಿನ ದೀಪ ಹಿಡಿದವಳು ನಾನು. ಹಾಗೆಂದು ಅವನ ಮುಖಕ್ಕೇ ಹೇಳಿ ಮೂರು ವಾರ ಮಾತು ಬಿಟ್ಟೆ. ಅವನು ಕ್ಷಮೆ ಕೇಳಲಿಲ್ಲ. ನೀನು ಆಸ್ಟ್ರೇಲಿಯಾದ ಹಡಗು ಹತ್ತಿದೆ.

ಪ್ರದರ್ಶನದ ಮರುದಿನ ಅಪ್ಪ ಎಂಜಿನ್ ಬಿಚ್ಚಲು ಕೂತ. ಒಂದೊಂದೇ ಬೋಲ್ಟು. ಎರಡು ದಿನ ಹಿಡಿಯಿತು. ಮಂಗಳವಾರ ನಾನು ಗ್ರಂಥಾಲಯದ ಕೆಲಸ ಮುಗಿಸಿ ಬರುವಷ್ಟರಲ್ಲಿ ಎಲ್ಲವನ್ನೂ ಕಲ್ಲಿದ್ದಲ ಬಕೆಟ್ಟಿಗೆ ತುಂಬಿ ಕಸದ ಗಾಡಿಗೆ ಕೊಟ್ಟಿದ್ದ. ಈಗ ಊಟಕ್ಕೆ ಕೂತರೆ ಅವನ ಬೆರಳುಗಳು ಮೇಜಿನ ಮೇಲೆ ಇಲ್ಲದ ಬೋಲ್ಟನ್ನು ತಿರುಗಿಸುತ್ತವೆ. ಸಂಘಕ್ಕೆ ಪತ್ರ ಬರೆದೆ. ಉತ್ತರ ಒಂದೇ ಸಾಲು: ತಮಾಷೆಗೆ ಮಾಡಿದ್ದು.

ನಿನ್ನ ಹೆಂಡತಿಗೆ, ಮಕ್ಕಳಿಗೆ ನನ್ನ ಹಾರೈಕೆ. ಅಪ್ಪ ಯಾರಿಗೂ ಹಾರೈಕೆ ಹೇಳಿ ಕಳಿಸಿಲ್ಲ.

ನಿನ್ನ ಅಕ್ಕ,
ವಿನಿಫ್ರೆಡ್

ಮರೆತ ಮಾತು: ಆ ಮೋಟಾರನ್ನು ಅವರು ಮೇಜಿನಡಿಯಲ್ಲೇ ಬಿಟ್ಟು ಹೋಗಿದ್ದರು, ನಾನು ಮನೆಗೆ ತಂದೆ. ಅದರ ತಳಕ್ಕೆ ಒಂದು ಚೀಟಿ ಅಂಟಿದೆ: "ಬಟ್ಟೆ ಮುಚ್ಚಿಡು ಸಿರಿಲ್. ಮೊದಲು ಅವನು ಮುಟ್ಟಲಿ." ಆ ಓರೆ ಅಕ್ಷರ ನನಗೆ ಗೊತ್ತಿಲ್ಲವೇ, ಕ್ಲೆಮೆಂಟ್? ಅದನ್ನು ನಿನಗೆ ಕಲಿಸಿದವಳೇ ನಾನು. ಮೋಟಾರನ್ನು ಪರ್ತ್‌ನಿಂದ ಸಿರಿಲ್‌ಗೆ ಕಳಿಸಿದವನು ನೀನು; ಕವಾಟವೂ ತಾನಾಗಿ ಜರುಗಿದ್ದಲ್ಲ. ಅಪ್ಪನಿಗೆ ಇನ್ನೂ ತಿಳಿಸಿಲ್ಲ. ಸಂಘದ ಪತ್ರಿಕೆಯನ್ನು ಅವನಿಗೆ ಓದಿ ಹೇಳುವವಳು ನಾನೇ. ನವೆಂಬರ್ ಸಂಚಿಕೆಯ ಮೊದಲ ಪುಟದಲ್ಲಿ, ಇಡೀ ಊರು ಓದುವಂತೆ, ನಿನ್ನ ಪೂರ್ತಿ ಹೆಸರು ಹಾಕಿ, ಮಾಡಿದ್ದನ್ನು ಒಪ್ಪಿಕೊಂಡು ಬರೆ.